ಬಿಡುಗಡೆಗೆ ಬೆಲೆ ಕಟ್ಟಿದವರು ಯಾರು?

ಮದುವೆಯ ಖರ್ಚಿನ ಲೆಕ್ಕ ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಸಭಾಂಗಣದ ಬಾಡಿಗೆ ಎಷ್ಟು, ಊಟಕ್ಕೆ ಎಷ್ಟು ಮಂದಿ ಬಂದರು, ಹುಡುಗಿಗೆ ಎಷ್ಟು ಪವನು ಹಾಕಿದರು ಎಂಬುದೆಲ್ಲ ಕಂಠಪಾಠ. ಮದುವೆಯ ದುಂದುವೆಚ್ಚದ ವಿರುದ್ಧ ಮಿಂಬರ್‌ಗಳಿಂದ ಖುತುಬಾಗಳಾಗುತ್ತವೆ, ವರದಕ್ಷಿಣೆಯ ವಿರುದ್ಧ ಅಭಿಯಾನಗಳು ನಡೆಯುತ್ತವೆ. ಇವೆಲ್ಲವೂ ಆಗಬೇಕಾದದ್ದೇ. ಆದರೆ ಅದೇ ಮದುವೆ ಮುರಿದು ಬಿದ್ದಾಗ ಅದರಿಂದ ಹೊರಬರಲು ತಗಲುವ ಖರ್ಚಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಆ ಲೆಕ್ಕ ಹೆಣ್ಣು ಹೆತ್ತವರ ಸಾಲದ ಪತ್ರಗಳಲ್ಲಿ, ಅಡವಿಟ್ಟ ಕಿವಿಯೋಲೆಯ ರಶೀದಿಯಲ್ಲಿ ಮೌನವಾಗಿ ಕುಳಿತಿರುತ್ತದೆ.

ನಮಗೆ ಪರಿಚಯವಿರುವ ಸಹೋದರಿಯೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಪತಿ ಮನೆಬಿಟ್ಟು ನಾಲ್ಕು ವರ್ಷಗಳಾಗಿದ್ದವು. ಅವನು ಎಲ್ಲಿದ್ದಾನೆಂಬುದು ಎಲ್ಲರಿಗೂ ಗೊತ್ತು. ಆದರೆ ಪತ್ನಿಗಾಗಲಿ ಎರಡು ಮಕ್ಕಳಿಗಾಗಲಿ ಒಂದು ರೂಪಾಯಿಯನ್ನೂ ಕಳುಹಿಸಿದವನಲ್ಲ. ತವರಿನಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿದ್ದ ಆಕೆ ಜಮಾಅತ್‌ನ ಮೊರೆ ಹೋದರು. ಹಿರಿಯರು ಕುಳಿತು ಮಾತಾಡಿದರು. ‘ನೀನಾಗಿ ಬಿಡುಗಡೆ ಕೇಳುತ್ತಿರುವುದರಿಂದ ಇದು ಖುಲಾ, ಆದ್ದರಿಂದ ಮಹ್ರ್ ಹಿಂದಿರುಗಿಸಬೇಕು’ ಎಂದರು. ಆಕೆ ಒಪ್ಪಿದರು. ತವರಿನಿಂದ ಕೊಂಡೊಯ್ದಿದ್ದ ಚಿನ್ನವನ್ನು ಕೇಳಬಾರದೆಂದರು. ಅದಕ್ಕೂ ಒಪ್ಪಿದರು. ಮಕ್ಕಳ ಖರ್ಚನ್ನು ಮುಂದೆಂದೂ ಕೇಳುವುದಿಲ್ಲವೆಂದು ಬರೆದುಕೊಡಬೇಕೆಂದರು. ಕಣ್ಣೀರಿಟ್ಟು ಅದಕ್ಕೂ ತಲೆಯಾಡಿಸಿದರು. ಕೊನೆಗೆ ಪತಿಯ ಕಡೆಯವರು ವಲೀಮಾದ ಖರ್ಚನ್ನೂ ಕೊಡಬೇಕೆಂದು ಪಟ್ಟು ಹಿಡಿದಾಗ ಮಾತುಕತೆ ಮುರಿದುಬಿತ್ತು.

ಆ ಬಳಿಕ ಆಕೆ ನ್ಯಾಯಾಲಯದ ಮೆಟ್ಟಿಲೇರಿದರು. ವಕೀಲರಿಗೆ ಮೊದಲ ಕಂತು ಕೊಡಲು ಉಳಿದಿದ್ದ ಕಿವಿಯೋಲೆ ಅಡವಿಗೆ ಹೋಯಿತು. ವಾಯಿದೆಯ ದಿನ ಎರಡು ಬಸ್ಸು ಬದಲಿಸಿ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಜೊತೆಗೆ ವಯಸ್ಸಾದ ತಂದೆಯೂ ಬರಬೇಕು, ಇಬ್ಬರ ಆ ದಿನದ ಕೂಲಿಯೂ ಹೋಗಬೇಕು. ಎದುರು ಪಕ್ಷದವರು ಬರಲಿಲ್ಲವೆಂದು ಮತ್ತೊಂದು ವಾಯಿದೆ. ಮಗನ ಶಾಲೆಯ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಈ ಎಲ್ಲ ಖರ್ಚನ್ನೂ ಆಕೆ ಬರೆದಿಟ್ಟಿದ್ದರು. ಅದನ್ನು ನಮ್ಮ ಮುಂದಿಟ್ಟು ಕೇಳಿದ ಪ್ರಶ್ನೆ ಇದು: ‘ನನ್ನ ಮದುವೆ ಮಾಡಲು ಬಾಪ ಸಾಲ ಮಾಡಿದರು. ಅದನ್ನು ಬಿಡಿಸಿಕೊಳ್ಳಲು ಈಗ ನಾನು ಸಾಲ ಮಾಡಬೇಕೇ?’

ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ನಮಗೆ ಮನವರಿಕೆಯಾದ ಸತ್ಯವೊಂದಿದೆ. ಈ ಬೆಲೆಯನ್ನು ಕಟ್ಟಿದ್ದು ಶರೀಅತ್ ಅಲ್ಲ. ದೇಶದ ಕಾನೂನಿನ ಪುಸ್ತಕದಲ್ಲಿಯೂ ಈ ಬೆಲೆ ಬರೆದಿಲ್ಲ. ಇದರ ಬಹುಪಾಲನ್ನು ಕಟ್ಟಿದವರು ನಾವೇ.

ಮೊದಲು ಶರೀಅತ್‌ನ ಮಾತನ್ನೇ ನೋಡೋಣ. ಪತ್ನಿಗೆ ರಾಶಿಗಟ್ಟಲೆ ಸಂಪತ್ತನ್ನು ಕೊಟ್ಟಿದ್ದರೂ ಆಕೆಯನ್ನು ಬಿಟ್ಟು ಬೇರೊಬ್ಬಳನ್ನು ವರಿಸಬಯಸುವವನು ಅದರಲ್ಲಿ ಏನನ್ನೂ ಹಿಂದಕ್ಕೆ ಪಡೆಯಬಾರದೆಂದು ಪವಿತ್ರ ಕುರ್‌ಆನ್ ಆದೇಶಿಸುತ್ತದೆ (ಅನ್ನಿಸಾ: 20). ಕೊಟ್ಟದ್ದರ ಒಂದು ಭಾಗವನ್ನು ಕಸಿಯುವ ಉದ್ದೇಶದಿಂದ ಸ್ತ್ರೀಯರನ್ನು ಪೀಡಿಸುವುದನ್ನು ಅದಕ್ಕೂ ಹಿಂದಿನ ಸೂಕ್ತವೇ ನಿಷೇಧಿಸಿದೆ. ಹಾನಿ ಮಾಡುವ ಸಲುವಾಗಿ ಅವರನ್ನು ತಡೆದಿರಿಸಿಕೊಳ್ಳಬಾರದೆಂದು ಅಲ್‌ಬಕರಃ ಅಧ್ಯಾಯ (231) ಎಚ್ಚರಿಸುತ್ತದೆ. ಇತ್ತ ಪತ್ನಿಯೂ ಅಲ್ಲದ, ಅತ್ತ ವಿಚ್ಛೇದಿತೆಯೂ ಅಲ್ಲದ ತೂಗಾಡುವ ಸ್ಥಿತಿಯಲ್ಲಿ ಹೆಣ್ಣನ್ನು ಬಿಟ್ಟುಬಿಡಬೇಡಿರೆಂದು ಅನ್ನಿಸಾ ಅಧ್ಯಾಯ (129) ಹೇಳುತ್ತದೆ. ಇಂದು ನಮ್ಮ ಪಟ್ಟಣಗಳ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ತೂಗಾಡುತ್ತಿರುವುದು ಹಣವೆಂಬ ಹಗ್ಗದಲ್ಲಿ.

ಖುಲಾದ ವಿಷಯದಲ್ಲಿ ಎಲ್ಲರೂ ಉದಾಹರಿಸುವ ಘಟನೆ ಸಾಬಿತ್ ಬಿನ್ ಕೈಸ್(ರ)ರ ಪತ್ನಿಯದು. ಅವರು ಪ್ರವಾದಿ(ಸ)ರ ಬಳಿ ಬಂದು, ಪತಿಯ ಧರ್ಮನಿಷ್ಠೆಯಲ್ಲಾಗಲಿ ನಡತೆಯಲ್ಲಾಗಲಿ ದೋಷವಿಲ್ಲ, ಆದರೆ ಅವರೊಂದಿಗೆ ಬಾಳಲಾರೆ ಎಂದರು. ಮಹ್ರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ಪ್ರವಾದಿ(ಸ)ರು ವಿಚಾರಿಸಿದರು. ಆಕೆ ಒಪ್ಪಿದಾಗ, ತೋಟವನ್ನು ಪಡೆದು ಆಕೆಯನ್ನು ಬಿಡುಗಡೆ ಮಾಡುವಂತೆ ಸಾಬಿತ್(ರ)ರಿಗೆ ಆದೇಶಿಸಿದರು. ಅದಕ್ಕಿಂತ ಹೆಚ್ಚೇನನ್ನೂ ಪಡೆಯಬಾರದೆಂದು ತಾಕೀತು ಮಾಡಿದ್ದಾಗಿಯೂ ವರದಿಯಿದೆ. ಈ ಘಟನೆಯಲ್ಲಿ ಗಮನಿಸಬೇಕಾದ ಮೂರು ಅಂಶಗಳಿವೆ. ಒಂದು, ಪತಿಯಲ್ಲಿ ತಪ್ಪಿರಲಿಲ್ಲ. ಎರಡು, ಹಿಂದಿರುಗಿಸಿದ್ದು ಪತಿ ಕೊಟ್ಟದ್ದನ್ನೇ ಹೊರತು ತಂದೆ ಕೊಟ್ಟದ್ದನ್ನಲ್ಲ. ಮೂರು, ತೀರ್ಮಾನಕ್ಕೆ ವರ್ಷಗಳು ಹಿಡಿಯಲಿಲ್ಲ.

ನಮ್ಮ ಜಮಾಅತ್ ಕೋಣೆಗಳಲ್ಲಿ ನಡೆಯುವುದು ಇದರ ತದ್ವಿರುದ್ಧ. ತಪ್ಪು ಪತಿಯದ್ದಾಗಿರುವಾಗ ಖುಲಾಕ್ಕೆ ಪ್ರತಿಯಾಗಿ ಏನನ್ನಾದರೂ ಪಡೆಯುವುದು ಅವನ ಮಟ್ಟಿಗೆ ಅಪ್ರಿಯ ಕೃತ್ಯವೆಂದು ಹನಫೀ ವಿದ್ವಾಂಸರು ಸ್ಪಷ್ಟವಾಗಿ ಬರೆದಿದ್ದಾರೆ. ತಪ್ಪು ಪತ್ನಿಯದ್ದೇ ಆಗಿದ್ದರೂ ಮಹ್ರ್‌ಗಿಂತ ಹೆಚ್ಚು ಕೇಳುವುದನ್ನು ಅವರು ಮೆಚ್ಚಿಲ್ಲ. ಆದರೆ ಹೊಡೆದವನೂ, ಮನೆಬಿಟ್ಟು ಹೋದವನೂ, ಕುಡುಕನೂ ಖುಲಾದ ಹೆಸರಿನಲ್ಲಿ ಬೆಲೆ ಹೇಳುತ್ತಾನೆ. ಹಿರಿಯರು ಆ ಬೆಲೆಯನ್ನು ಸ್ವಲ್ಪ ಇಳಿಸಿ ‘ರಾಜಿ’ ಎನ್ನುತ್ತಾರೆ. ಮಕ್ಕಳ ಜೀವನಾಂಶವನ್ನು ತಾಯಿಯಿಂದ ಬಿಟ್ಟುಕೊಡಿಸುವುದಂತೂ ಘೋರ ಅನ್ಯಾಯ. ಮಕ್ಕಳ ಪೋಷಣೆ ತಂದೆಯ ಹೊಣೆ. ಅದು ಮಕ್ಕಳ ಹಕ್ಕು. ತಾಯಿಯ ಬಿಡುಗಡೆಗೆ ಮಕ್ಕಳ ಅನ್ನವನ್ನು ಬೆಲೆಯಾಗಿ ಕಟ್ಟುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಇನ್ನು ಕಾನೂನಿನ ಮಾತು. ಮೇಲೆ ಹೇಳಿದ ಸಹೋದರಿಗೆ ಜಮಾಅತ್‌ನವರು ಖುಲಾದ ದಾರಿಯನ್ನು ಮಾತ್ರ ತೋರಿಸಿದರು. ಫಸ್ಖ್ ಎಂಬ ಇನ್ನೊಂದು ದಾರಿಯಿದೆಯೆಂದು ಯಾರೂ ತಿಳಿಸಲಿಲ್ಲ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ ಇದೇ ಉದ್ದೇಶಕ್ಕಾಗಿ ಬಂದದ್ದು. ಪತಿಯಿಂದ ಬಿಡುಗಡೆ ಸಿಗದ ಹೆಣ್ಣುಮಕ್ಕಳು ವಿವಾಹದಿಂದ ಪಾರಾಗಲು ಧರ್ಮವನ್ನೇ ತೊರೆಯುತ್ತಿದ್ದ ದುರಂತ ಅಂದಿನ ಪಂಜಾಬಿನಲ್ಲಿ ಕಂಡುಬಂದಾಗ ಉಲಮಾಗಳು ತಳಮಳಗೊಂಡರು. ಹನಫೀ ಫಿಕ್ಹಿನಲ್ಲಿ ಇಕ್ಕಟ್ಟಾಗಿದ್ದ ಈ ದಾರಿಯನ್ನು ಮಾಲಿಕೀ ಫಿಕ್ಹಿನ ನೆರವಿನಿಂದ ಅಗಲಗೊಳಿಸಬಹುದೆಂದು ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದಲ್ಲಿ ‘ಅಲ್‌ ಹೀಲತುನ್ನಾಜಿಝಾ’ ಎಂಬ ಗ್ರಂಥದ ಮೂಲಕ ತೋರಿಸಿಕೊಟ್ಟರು. ಆ ಚಿಂತನೆಯೇ ಮುಂದೆ ಕಾಯ್ದೆಗೆ ದಾರಿಯಾಯಿತು. ಎಂಬತ್ತು ವರ್ಷಗಳಿಗೂ ಹಿಂದೆ ನಮ್ಮ ವಿದ್ವಾಂಸರು ತೆರೆದ ಬಾಗಿಲನ್ನು ಇಂದಿನ ನಮ್ಮ ಜಮಾಅತ್‌ಗಳು ಮರೆತಿರುವುದು ವಿಷಾದನೀಯ.

ಈ ಕಾಯ್ದೆಯ ಪ್ರಕಾರ ಎರಡು ವರ್ಷ ಪತ್ನಿಯ ಪೋಷಣೆ ಮಾಡದಿರುವುದು, ನಾಲ್ಕು ವರ್ಷ ಪತಿಯ ಸುಳಿವಿಲ್ಲದಿರುವುದು, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಕರ್ತವ್ಯ ನಿರ್ವಹಿಸದಿರುವುದು, ಕ್ರೂರವಾಗಿ ನಡೆಸಿಕೊಳ್ಳುವುದು ಮುಂತಾದ ಕಾರಣಗಳಿಗಾಗಿ ಪತ್ನಿಯು ವಿವಾಹ ವಿಸರ್ಜನೆಯ ತೀರ್ಪು ಪಡೆಯಬಹುದು. ಅದರ 5ನೇ ಕಲಮು ಇನ್ನೂ ಮುಖ್ಯವಾದುದು. ಈ ರೀತಿಯ ವಿಸರ್ಜನೆಯಿಂದ ಪತ್ನಿಯ ಮಹ್ರ್‌ನ ಹಕ್ಕಿಗೆ ಯಾವ ಬಾಧೆಯೂ ಇಲ್ಲವೆಂದು ಅದು ಹೇಳುತ್ತದೆ. ಅಂದರೆ ನಾಲ್ಕು ವರ್ಷ ಅನ್ನ ಹಾಕದ ಪತಿಯಿಂದ ಬಿಡುಗಡೆ ಪಡೆಯಲು ಆ ಸಹೋದರಿ ಮಹ್ರ್ ಹಿಂದಿರುಗಿಸಬೇಕಾಗಿಯೇ ಇರಲಿಲ್ಲ. ತಿಳಿವಳಿಕೆಯ ಅಭಾವಕ್ಕೆ ಆಕೆ ತೆರಲು ಸಿದ್ಧರಾಗಿದ್ದ ಬೆಲೆ ಅದು.

ತವರಿನಿಂದ ಕೊಂಡೊಯ್ದ ಚಿನ್ನವೂ ಆಕೆಯದ್ದೇ. ವಿವಾಹಕ್ಕೆ ಮುಂಚೆ, ವಿವಾಹದ ವೇಳೆ ಅಥವಾ ಆ ಬಳಿಕ ಬಂಧುಗಳು, ಗೆಳೆಯರು, ಪತಿ ಅಥವಾ ಪತಿಯ ಕಡೆಯವರು ಆಕೆಗೆ ಕೊಟ್ಟ ಎಲ್ಲ ಸೊತ್ತೂ ವಿಚ್ಛೇದಿತೆಗೆ ಸೇರತಕ್ಕದ್ದೆಂದು 1986ರ ಮುಸ್ಲಿಮ್ ಮಹಿಳಾ ಕಾಯ್ದೆಯ 3ನೇ ಕಲಮು ಹೇಳುತ್ತದೆ. ವರದಕ್ಷಿಣೆಯಾಗಿ ಬೇರೆಯವರು ಪಡೆದದ್ದನ್ನು ಕೂಡಾ ನಿಗದಿತ ಅವಧಿಯೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂಬುದು 1961ರ ವರದಕ್ಷಿಣೆ ನಿಷೇಧ ಕಾಯ್ದೆಯ 6ನೇ ಕಲಮು. ಇದನ್ನೆಲ್ಲ ತಿಳಿಯದೆ, ನಮ್ಮ ಮಗಳ ಒಡವೆಯನ್ನು ಅವಳೇ ‘ಬಿಟ್ಟುಕೊಡುವುದನ್ನು’ ನಾವು ರಾಜಿಯ ಮೊದಲ ಷರತ್ತನ್ನಾಗಿ ಮಾಡಿದ್ದೇವೆ.

ಕಾನೂನಿನ ಪುಸ್ತಕದಲ್ಲಿ ಹಕ್ಕು ಇದ್ದ ಮಾತ್ರಕ್ಕೆ ಅದು ಕೈಗೆ ಬರುತ್ತದೆಯೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇಂದೋರಿನ ಶಾಬಾನು ಬೇಗಮ್ ಪ್ರಕರಣದ ರಾಜಕೀಯ ಎಲ್ಲರಿಗೂ ನೆನಪಿದೆ, ಅದರ ಲೆಕ್ಕ ಯಾರಿಗೂ ನೆನಪಿಲ್ಲ. 1932ರಲ್ಲಿ ಮದುವೆಯಾದ ಅವರನ್ನು 1975ರಲ್ಲಿ ಮನೆಯಿಂದ ಹೊರಹಾಕಲಾಯಿತು. 1978ರ ಎಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೋರಿ ಅವರು ಅರ್ಜಿ ಹಾಕಿದರು. ಅದೇ ವರ್ಷದ ನವೆಂಬರ್‌ನಲ್ಲಿ ವಕೀಲರಾಗಿದ್ದ ಪತಿ ತಲಾಕ್ ಕೊಟ್ಟರು. ಮಹ್ರ್ ಎಂದು 3,000 ರೂಪಾಯಿಯನ್ನು ನ್ಯಾಯಾಲಯದಲ್ಲಿ ಕಟ್ಟಿದರು. 1979ರಲ್ಲಿ ಮ್ಯಾಜಿಸ್ಟ್ರೇಟರು ನಿಗದಿಪಡಿಸಿದ ಜೀವನಾಂಶ ತಿಂಗಳಿಗೆ 25 ರೂಪಾಯಿ. 1980ರಲ್ಲಿ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅದನ್ನೂ ಕೊಡಲಾರೆನೆಂದು ಪತಿ ಸುಪ್ರೀಮ್ ಕೋರ್ಟಿಗೆ ಹೋದರು. 1985ರ ಎಪ್ರಿಲ್‌ನಲ್ಲಿ ಅಂತಿಮ ತೀರ್ಪು ಬರುವಾಗ ಏಳು ವರ್ಷಗಳು ಕಳೆದಿದ್ದವು. ದೇಶವನ್ನೇ ಅಲುಗಾಡಿಸಿದ ವ್ಯಾಜ್ಯದ ಮೂಲದಲ್ಲಿದ್ದದ್ದು ದಿನಕ್ಕೆ ಆರು ರೂಪಾಯಿ!

ನಮ್ಮ ರಾಜ್ಯದ್ದೇ ಇನ್ನೊಂದು ಪ್ರಕರಣವಿದೆ. ಬೆಂಗಳೂರಿನ ಮಹಿಳೆಯೊಬ್ಬರಿಗೆ 1991ರಲ್ಲಿ ತಲಾಕ್ ಆಯಿತು. ಮಹ್ರ್ 5,000 ರೂಪಾಯಿ. ಅವರು 2002ರಲ್ಲಿ ಜೀವನಾಂಶಕ್ಕಾಗಿ ದಾವೆ ಹೂಡಿದರು. ತಿಂಗಳಿಗೆ 3,000 ರೂಪಾಯಿ ಕೊಡಬೇಕೆಂದು ತೀರ್ಪಾದರೂ ವಸೂಲಿಗಾಗಿ ಮತ್ತೆ ಅಲೆಯಬೇಕಾಯಿತು. ಕರ್ನಾಟಕ ಹೈಕೋರ್ಟ್ ಪತಿಯ ಅರ್ಜಿಯನ್ನು 25,000 ರೂಪಾಯಿ ದಂಡವೆಚ್ಚದೊಂದಿಗೆ ತಳ್ಳಿಹಾಕಿದ್ದು 2021ರ ಅಕ್ಟೋಬರ್‌ನಲ್ಲಿ. ತಲಾಕ್ ಆಗಿ ಮೂವತ್ತು ವರ್ಷ! ಆ ಮೂವತ್ತು ವರ್ಷಗಳನ್ನು ಯಾವ ದಂಡವೆಚ್ಚ ತುಂಬಿಕೊಟ್ಟೀತು?

ಆದ್ದರಿಂದ ನ್ಯಾಯಾಲಯದ ದಾರಿ ಸುಲಭವೆಂದು ನಾವು ಹೇಳುವುದಿಲ್ಲ. ಅಲ್ಲಿ ಕಟ್ಟಬೇಕಾದ ಶುಲ್ಕಕ್ಕಿಂತ ವಕೀಲರ ಫೀಸು, ಓಡಾಟ, ಕಳೆದುಹೋದ ಕೂಲಿ ಮತ್ತು ಕಾಲ ಇವೇ ನಿಜವಾದ ಖರ್ಚುಗಳು. ಹಣವಿರುವವನಿಗೆ ವಿಳಂಬವೇ ಅಸ್ತ್ರ. ಇಲ್ಲದವಳು ಮೂರನೆಯ ವಾಯಿದೆಗೇ ಸೋಲೊಪ್ಪುತ್ತಾಳೆ. ಆದರೆ ಈ ಖರ್ಚನ್ನು ತಗ್ಗಿಸಲು ಕಾನೂನಿನಲ್ಲಿಯೇ ಇರುವ ಕೆಲವು ಅನುಕೂಲಗಳನ್ನು ನಾವು ಬಳಸುತ್ತಿಲ್ಲವೆಂಬುದೂ ಅಷ್ಟೇ ನಿಜ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವುದೇ ಮಹಿಳೆ ಉಚಿತ ಕಾನೂನು ನೆರವಿಗೆ ಅರ್ಹಳು. ಆಕೆಯ ಆದಾಯ ಎಷ್ಟೆಂದು ನೋಡುವಂತಿಲ್ಲ. ತಾಲೂಕು ಕಾನೂನು ಸೇವೆಗಳ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ನೇಮಿಸಿಕೊಡಲಾಗುತ್ತದೆ. 15100 ಎಂಬ ಸಹಾಯವಾಣಿಯೂ ಇದೆ. ಜೀವನಾಂಶದ ಅರ್ಜಿಯನ್ನು ಪತಿಯ ಊರಿನಲ್ಲಿಯೇ ಹಾಕಬೇಕೆಂದಿಲ್ಲ. ತಾನು ವಾಸಿಸುವ ಸ್ಥಳದಲ್ಲಿಯೂ ಹಾಕಬಹುದು. ಹಿಂದಿನ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಅದರಡಿ ಮಧ್ಯಂತರ ಜೀವನಾಂಶವನ್ನು ಮಾತ್ರವಲ್ಲ, ವ್ಯಾಜ್ಯದ ಖರ್ಚನ್ನೂ ಪತಿಯಿಂದ ಕೇಳಬಹುದು. ಆ ಬೇಡಿಕೆಯನ್ನು ನೋಟೀಸು ತಲಪಿದ ಅರುವತ್ತು ದಿನಗಳೊಳಗೆ ಸಾಧ್ಯವಾದಷ್ಟು ಇತ್ಯರ್ಥಗೊಳಿಸಬೇಕೆಂದೂ ಹೇಳಲಾಗಿದೆ. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಇಬ್ಬರೂ ತಮ್ಮ ಆದಾಯ ಮತ್ತು ಆಸ್ತಿಯ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕೆಂದೂ ಸುಪ್ರೀಮ್ ಕೋರ್ಟ್ 2020ರಲ್ಲಿ ಆದೇಶಿಸಿದೆ. ವಿಚ್ಛೇದಿತ ಮುಸ್ಲಿಮ್ ಮಹಿಳೆ 1986ರ ಕಾಯ್ದೆಯ ಜೊತೆಗೆ ಈ ಸಾಮಾನ್ಯ ಕಾನೂನಿನಡಿಯಲ್ಲಿಯೂ ಜೀವನಾಂಶ ಕೋರಬಹುದೆಂದು ಅದೇ ನ್ಯಾಯಾಲಯ 2024ರ ಜುಲೈ 10ರಂದು ಸ್ಪಷ್ಟಪಡಿಸಿದೆ.

ಈ ತೀರ್ಪುಗಳ ಬಗ್ಗೆ, ಇವುಗಳ ಹಿಂದೆ ಮುಂದೆ ನಡೆಯುವ ರಾಜಕೀಯದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಮುಸ್ಲಿಮ್ ಮಹಿಳೆಯ ಕಣ್ಣೀರನ್ನು ಮತವನ್ನಾಗಿ ಪರಿವರ್ತಿಸುವವರ ಬಗ್ಗೆ ನಾವು ಕುರುಡರಲ್ಲ. ಒಮ್ಮೆಗೆ ಹೇಳುವ ಮೂರು ತಲಾಕನ್ನು 2017ರಲ್ಲಿ ಸುಪ್ರೀಮ್ ಕೋರ್ಟ್ ಅಸಿಂಧುಗೊಳಿಸಿತು. 2019ರ ಕಾಯ್ದೆ ಅದನ್ನು ಮೂರು ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸಬಹುದಾದ ಅಪರಾಧವನ್ನಾಗಿ ಮಾಡಿತು. ತಲಾಕ್ ಹೇಳಿದವನನ್ನು ಜೈಲಿಗಟ್ಟುವುದಕ್ಕೆ ತೋರಿದ ಉತ್ಸಾಹದ ಸಣ್ಣ ಪಾಲನ್ನು ತಲಾಕನ್ನೂ ಕೊಡದೆ, ಸಂಸಾರವನ್ನೂ ಮಾಡದೆ ಕಾಡುವವನಿಂದ ಹೆಣ್ಣನ್ನು ಬೇಗ ಬಿಡಿಸುವುದರಲ್ಲಿ ಸರಕಾರ ತೋರಿದ್ದರೆ ನಾವು ಸ್ವಾಗತಿಸುತ್ತಿದ್ದೆವು. ಕೌಟುಂಬಿಕ ನ್ಯಾಯಾಲಯಗಳು ಹೆಚ್ಚಬೇಕು, ಖಾಲಿ ಹುದ್ದೆಗಳು ತುಂಬಬೇಕು, ವಾಯಿದೆಗಳಿಗೆ ಮಿತಿ ಬೇಕು. ಇವು ಎಲ್ಲ ಧರ್ಮದ ಹೆಣ್ಣುಮಕ್ಕಳ ಬೇಡಿಕೆಗಳು. ಆದರೆ ಸರಕಾರದ ಲೋಪವನ್ನು ಎತ್ತಿ ತೋರಿಸುವುದರಿಂದ ನಮ್ಮ ಲೋಪ ಮಾಯವಾಗುವುದಿಲ್ಲ. ನಮ್ಮ ಮನೆಯ ಅಂಗಳವನ್ನು ನಾವೇ ಗುಡಿಸಿಕೊಂಡಿದ್ದರೆ ಪರರು ಪೊರಕೆ ಹಿಡಿದು ಒಳಬರುವ ಸಂದರ್ಭ ಬರುತ್ತಿರಲಿಲ್ಲ.

ಇಲ್ಲೊಂದು ವಾದವನ್ನು ಪರಿಶೀಲಿಸಬೇಕಾಗಿದೆ. ‘ವಿಚ್ಛೇದನ ದುಬಾರಿಯಾಗಿರುವುದೇ ಒಳ್ಳೆಯದು, ಅಗ್ಗವಾದರೆ ಸಣ್ಣಪುಟ್ಟ ಕಾರಣಗಳಿಗೂ ಸಂಸಾರಗಳು ಒಡೆಯುತ್ತವೆ’ ಎಂದು ಹಲವು ಹಿರಿಯರು ಹೇಳುತ್ತಾರೆ. ಅವರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಇಸ್ಲಾಮ್ ಕೂಡಾ ವಿಚ್ಛೇದನವನ್ನು ಕೊನೆಯ ದಾರಿಯಾಗಿ ಮಾತ್ರ ಅನುಮತಿಸಿದೆ. ಆದರೆ ಅದು ದಾರಿಯಲ್ಲಿಟ್ಟ ತಡೆಗಳು ಯಾವುವು? ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥರು (ಅನ್ನಿಸಾ: 35), ಕಾಯುವ ಅವಧಿ, ಮತ್ತೆ ಕೂಡಿಬಾಳುವ ಅವಕಾಶ, ಅಲ್ಲಾಹನ ಭಯ. ಇವುಗಳಲ್ಲಿ ಯಾವುದಕ್ಕೂ ಹಣ ಬೇಡ. ಈ ತಡೆಗಳು ಶ್ರೀಮಂತರಿಗೂ ಬಡವರಿಗೂ ಸಮಾನ. ಹಣದ ತಡೆ ಹಾಗಲ್ಲ. ಅದು ಶ್ರೀಮಂತನನ್ನು ತಡೆಯುವುದಿಲ್ಲ. ಬಡವನ ಮಗಳನ್ನು ಮಾತ್ರ ತಡೆಯುತ್ತದೆ. ಸಂಸಾರವನ್ನು ಉಳಿಸುವುದು ಪ್ರೀತಿ ಮತ್ತು ನ್ಯಾಯ. ಹಣವಿಲ್ಲವೆಂಬ ಕಾರಣಕ್ಕೆ ಮಾತ್ರ ಉಳಿದಿರುವ ಸಂಸಾರವನ್ನು ಸಂಸಾರವೆನ್ನಲಾಗದು, ಅದು ಸೆರೆಮನೆ.

ಸತ್ಯದ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಕೆಲವೆಡೆ ಹೆಣ್ಣಿನ ಕಡೆಯವರೂ ಬಿಡುಗಡೆಯನ್ನು ವ್ಯಾಪಾರವನ್ನಾಗಿ ಮಾಡುತ್ತಾರೆ. ಇಲ್ಲದ ಆರೋಪಗಳನ್ನು ಸೇರಿಸಿ, ವೃದ್ಧ ಅತ್ತೆಯ ಹೆಸರನ್ನೂ ಮದುವೆಯಾಗಿ ಹೋದ ನಾದಿನಿಯ ಹೆಸರನ್ನೂ ದೂರಿನಲ್ಲಿ ಬರೆಸಿ, ದೊಡ್ಡ ಮೊತ್ತಕ್ಕೆ ಕುಳಿತುಕೊಳ್ಳುವವರಿದ್ದಾರೆ. ಆಟೋ ಓಡಿಸುವ ಹುಡುಗ ಆ ಮೊತ್ತಕ್ಕಾಗಿ ಬಡ್ಡಿಗೆ ಸಾಲ ಪಡೆದು ಬದುಕಿಡೀ ತೀರಿಸುತ್ತಾನೆ. ಎರಡೂ ಕಡೆಯನ್ನು ಕೆರಳಿಸಿ ನಡುವೆ ತಮ್ಮ ಪಾಲು ಪಡೆಯುವ ದಲ್ಲಾಳಿಗಳೂ ಇದ್ದಾರೆ. ಅನುಕೂಲವಿರುವವನು ತನ್ನ ಅನುಕೂಲಕ್ಕೆ ತಕ್ಕಂತೆ, ಇಲ್ಲದವನು ತನ್ನ ಶಕ್ತಿಗೆ ತಕ್ಕಂತೆ ಕೊಡಬೇಕೆಂಬುದು ಕುರ್‌ಆನಿನ ಮಾನದಂಡ (ಅಲ್‌ಬಕರಃ: 236). ಆ ತಕ್ಕಡಿಯಲ್ಲಿ ಎರಡೂ ಕಡೆಯವರು ತೂಗಲ್ಪಡಬೇಕು.

ಹಾಗಾದರೆ ಏನು ಮಾಡಬೇಕು? ನಾವು ಸರಕಾರವನ್ನಾಗಲಿ ನ್ಯಾಯಾಲಯವನ್ನಾಗಲಿ ಕಾಯಬೇಕಿಲ್ಲದ ಕೆಲವು ಕೆಲಸಗಳಿವೆ.

ಮೊದಲನೆಯದು ನಿಕಾಹ್‌ನ ದಿನವೇ ಆಗಬೇಕು. ರೂಪಾಯಿಯಲ್ಲಿ ಬರೆದು ಬಾಕಿ ಇಟ್ಟ ಮಹ್ರ್ ವರ್ಷಗಳು ಕಳೆದಂತೆ ಬೆಲೆ ಕಳೆದುಕೊಳ್ಳುತ್ತದೆ. 1932ರಲ್ಲಿ ಆರಂಭವಾದ ದಾಂಪತ್ಯಕ್ಕೆ 1978ರಲ್ಲಿ 3,000 ರೂಪಾಯಿಯ ಲೆಕ್ಕ ಚುಕ್ತಾ ಆದದ್ದನ್ನು ಮೇಲೆ ಕಂಡೆವು. ಆದ್ದರಿಂದ ಮಹ್ರನ್ನು ಚಿನ್ನದ ತೂಕದಲ್ಲಿ ನಿಗದಿಪಡಿಸಿ, ಅದನ್ನು ನಿಕಾಹ್‌ನ ವೇಳೆಯಲ್ಲೇ ಕೊಡುವ ಪದ್ಧತಿ ಎಲ್ಲೆಡೆ ಬರಬೇಕು. ಬಾಕಿ ಉಳಿದರೆ ಎಂದು ಕೊಡಲಾಗುತ್ತದೆಂಬುದನ್ನು ಬರೆಯಬೇಕು. ಹುಡುಗಿಗೆ ತವರಿನವರು ಕೊಟ್ಟ ಒಡವೆ ಮತ್ತು ವಸ್ತುಗಳ ಪಟ್ಟಿಯನ್ನು ಎರಡೂ ಕಡೆಯವರ ಸಹಿಯೊಂದಿಗೆ ನಿಕಾಹ್ ದಫ್ತರದ ಜೊತೆಗಿಟ್ಟು ಒಂದು ಪ್ರತಿಯನ್ನು ವಧುವಿನ ಕೈಗೆ ಕೊಡಬೇಕು. ವಧೂವರರಿಗೆ ಬಂದ ಉಡುಗೊರೆಗಳ ಪಟ್ಟಿಯಿರಬೇಕೆಂದು 1985ರ ನಿಯಮಗಳೂ ಹೇಳುತ್ತವೆ. ನಾಳೆ ವಿವಾದವಾದರೆ ಈ ಒಂದು ಹಾಳೆ ವರ್ಷಗಳ ವಾದವನ್ನು ಉಳಿಸುತ್ತದೆ. ಪತಿ ಪೋಷಣೆ ಮಾಡದಿದ್ದರೆ, ಹಿಂಸಿಸಿದರೆ ಪತ್ನಿ ತಾನೇ ಬಿಡುಗಡೆ ಪಡೆಯುವ ಅಧಿಕಾರವನ್ನು ಷರತ್ತಿನ ಮೂಲಕ ಆಕೆಗೆ ವಹಿಸಿಕೊಡುವ ‘ತಫ್ವೀಝ್’ ಎಂಬ ವ್ಯವಸ್ಥೆ ಫಿಕ್ಹಿನಲ್ಲಿದೆ. ನಿಕಾಹ್ ಪತ್ರದಲ್ಲಿ ಅದನ್ನು ಸೇರಿಸುವ ಬಗ್ಗೆ ಖಾಝಿಗಳೂ ಉಲಮಾಗಳೂ ಗಂಭೀರವಾಗಿ ಆಲೋಚಿಸಬೇಕು.

ಎರಡನೆಯದು ಜಮಾಅತ್‌ಗಳ ಕೆಲಸ. ದೂರು ಬಂದ ದಿನದಿಂದ ಮೂರು ತಿಂಗಳೊಳಗೆ ಮಧ್ಯಸ್ಥಿಕೆ ಮುಗಿಯಬೇಕೆಂದು ಪ್ರತಿಯೊಂದು ಜಮಾಅತ್ ನಿರ್ಣಯ ಕೈಗೊಳ್ಳಲಿ. ತಪ್ಪು ಯಾರದ್ದೆಂದು ಮೊದಲು ತೀರ್ಮಾನಿಸಿ, ಪತಿಯದ್ದಾದರೆ ಖುಲಾದ ಬೆಲೆಯ ಮಾತೇ ಬರಬಾರದು. ಮಹ್ರ್‌ಗಿಂತ ಹೆಚ್ಚಿನ ಬೇಡಿಕೆಗೂ ಮಕ್ಕಳ ಜೀವನಾಂಶವನ್ನು ಬಿಟ್ಟುಕೊಡಿಸುವ ಕರಾರಿಗೂ ಜಮಾಅತ್‌ನ ಮೊಹರು ಬೀಳಬಾರದು. ಇಬ್ಬರಿಗೂ ಬೇಡವಾದ ಸಂಬಂಧವನ್ನು ಪರಸ್ಪರ ಒಪ್ಪಿಗೆಯ ‘ಮುಬಾರಾತ್’ ಮೂಲಕ ಗೌರವದಿಂದ ಮುಗಿಸಲು ನೆರವಾಗಬೇಕು. ಇಪ್ಪತ್ತು ಮಂದಿ ಪುರುಷರ ನಡುವೆ ಒಬ್ಬಳನ್ನೇ ನಿಲ್ಲಿಸಿ ಸಂಸಾರದ ಗುಟ್ಟು ಕೇಳುವುದನ್ನು ನಿಲ್ಲಿಸಿ, ವಿದ್ಯಾವಂತ ಮಹಿಳೆಯರನ್ನು ಈ ಸಮಿತಿಗಳಲ್ಲಿ ಸೇರಿಸಬೇಕು. ಪತ್ನಿಯ ಖುಲಾದ ಹಕ್ಕು ಪತಿಯ ಒಪ್ಪಿಗೆಯನ್ನು ಅವಲಂಬಿಸಿಲ್ಲವೆಂದು ಕೇರಳ ಹೈಕೋರ್ಟ್ ಈಗಾಗಲೇ ಹೇಳಿದೆ. 2025ರಲ್ಲಿ ತೆಲಂಗಾಣ ಹೈಕೋರ್ಟ್ ಕೂಡಾ ಇದನ್ನೇ ಹೇಳಿತು. ಫಿಕ್ಹಿನ ದೃಷ್ಟಿಯಿಂದ ಇದರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ನ್ಯಾಯಾಲಯಗಳು ಇಲ್ಲಿಯವರೆಗೆ ಬರಬೇಕಾದ ಕಾರಣವೇನೆಂಬುದನ್ನು ನಮ್ಮ ವಿದ್ವಾಂಸರು ಚಿಂತಿಸಬೇಡವೇ? ಪತಿಯ ಒಪ್ಪಿಗೆಯನ್ನು ಮಾರಾಟದ ಸರಕನ್ನಾಗಿ ಮಾಡಿದವರು ಯಾರು?

ಮೂರನೆಯದು ಹಣದ ನೇರ ನೆರವು. ರಾಜಿಯಾಗದೆ ನ್ಯಾಯಾಲಯಕ್ಕೆ ಹೋಗಲೇಬೇಕಾದ ಹೆಣ್ಣಿನ ಜೊತೆ ಜಮಾಅತ್‌ನ ಇಬ್ಬರು ಕಾನೂನು ಸೇವಾ ಸಮಿತಿಯ ಕಚೇರಿಯವರೆಗೆ ಹೋಗಲಿ. ಸಮುದಾಯದ ವಕೀಲರು ವರ್ಷಕ್ಕೆ ಒಂದಾದರೂ ಇಂತಹ ಪ್ರಕರಣವನ್ನು ಫೀಸಿಲ್ಲದೆ ನಡೆಸಲಿ, ಅದೂ ಇಬಾದತ್ತೇ. ನಿರ್ಗತಿಕಳಾದ ಇಂತಹ ಸಹೋದರಿ ಝಕಾತ್‌ಗೆ ಅರ್ಹಳಾದ ಬಡವಳು. ಆಕೆಯ ಅನ್ನಕ್ಕೂ ಮಕ್ಕಳ ಶಾಲೆಗೂ ನೆರವಾಗುವುದಕ್ಕೆ ನಮ್ಮ ಬೈತುಲ್‌ಮಾಲ್‌ಗಳು ಹಿಂಜರಿಯಬೇಕಿಲ್ಲ. ಮದುವೆಗೆಂದು ಬಂದ ಬಡ ತಂದೆಗೆ ಕೈ ಬಿಚ್ಚಿ ಕೊಡುವ ನಾವು, ಮುರಿದ ಮದುವೆಯಿಂದ ಬಂದ ಅದೇ ಮಗಳಿಗೆ ಬಸ್ಸಿನ ಖರ್ಚು ಕೊಡಲೂ ಮೀನಮೇಷ ಎಣಿಸುತ್ತೇವೆ.

ಹೆತ್ತವರಿಗೂ ಒಂದು ಮಾತು. ಸಭಾಂಗಣದ ದೀಪಾಲಂಕಾರಕ್ಕೆ ಸುರಿಯುವ ಹಣದ ಅರ್ಧಭಾಗವನ್ನು ಮಗಳ ಹೆಸರಿನಲ್ಲಿ, ಅವಳ ಸಹಿಯಿಲ್ಲದೆ ಯಾರೂ ಮುಟ್ಟಲಾಗದಂತೆ ಇಡಿರಿ. ಅವಳು ಓದುತ್ತಿದ್ದರೆ ಓದು ಮುಗಿಯಲಿ. ಸಂಸಾರ ಚೆನ್ನಾಗಿ ನಡೆದರೆ ಆ ಹಣ ಮೊಮ್ಮಕ್ಕಳಿಗಾಗುತ್ತದೆ. ಅಲ್ಲಾಹನು ಕಾಪಾಡಲಿ, ಒಂದು ವೇಳೆ ನಡೆಯದೇ ಹೋದರೆ ಬಾಗಿಲು ತೆರೆಯುವ ಕೀಲಿ ಅವಳ ಕೈಯಲ್ಲೇ ಇರುತ್ತದೆ.

ಮದೀನಾದಲ್ಲಿ ಖೌಲಾ ಬಿನ್ತ್ ಸಅ್‌ಲಬ(ರ) ಎಂಬ ಮಹಿಳೆಯಿದ್ದರು. ಪತಿ ಅವರನ್ನು ತಾಯಿಗೆ ಹೋಲಿಸಿ ದೂರವಿಟ್ಟಾಗ ಇತ್ತ ಪತ್ನಿಯೂ ಆಗದೆ ಅತ್ತ ಬಿಡುಗಡೆಯೂ ಇಲ್ಲದೆ ಅವರು ಕಂಗಾಲಾದರು. ಪ್ರವಾದಿ(ಸ)ರ ಬಳಿ ಬಂದು ವಾದಿಸಿದರು, ಅಲ್ಲಾಹನಲ್ಲಿ ದೂರಿಕೊಂಡರು. ಅವರ ದೂರನ್ನು ಅಲ್ಲಾಹನು ಕೇಳಿದನೆಂದು ಸಾರುತ್ತಾ ಕುರ್‌ಆನಿನ ಒಂದು ಅಧ್ಯಾಯವೇ ಆರಂಭವಾಗುತ್ತದೆ. ಆ ಅಧ್ಯಾಯದ ಹೆಸರೇ ‘ಅಲ್‌ಮುಜಾದಲಃ’. ದೂರು ಹೇಳಿಕೊಳ್ಳಲು ಖೌಲಾ(ರ) ಕಿವಿಯೋಲೆಯನ್ನು ಅಡವಿಡಬೇಕಾಗಿರಲಿಲ್ಲ.

ನೋಟ್‌ಬುಕ್ಕಿನ ಹಿಂಬದಿಯಲ್ಲಿ ಲೆಕ್ಕ ಬರೆದಿಟ್ಟ ನಮ್ಮ ಸಹೋದರಿಯ ದೂರನ್ನೂ ಅದೇ ಅಲ್ಲಾಹನು ಆಲಿಸುತ್ತಿದ್ದಾನೆ. ಆ ಲೆಕ್ಕದಲ್ಲಿ ನಮ್ಮ ಬಾಕಿ ಎಷ್ಟೆಂದು ಪ್ರತಿಯೊಂದು ಮನೆಯೂ ಪ್ರತಿಯೊಂದು ಜಮಾಅತೂ ಇಂದೇ ಕೂಡಿ ನೋಡಿಕೊಳ್ಳುವುದು ಒಳಿತು. ನಾಳೆ ಆ ಲೆಕ್ಕವನ್ನು ಕೇಳುವವನ ಮುಂದೆ ವಾಯಿದೆ ಪಡೆಯಲು ಯಾವ ವಕೀಲನಿಂದಲೂ ಸಾಧ್ಯವಾಗದು.